ಹೆರಿಗೆ ಕೋಣೆಯ ಗೆರೆಚೀಲ

ಪ್ರಶ್ನೆ: ಮಗು ಹುಟ್ಟಿದ ಕೂಡಲೇ ಸೊಸೆಯ ಕೆಳಗೆ ಗೆರೆ ಗುರುತಿನ ಪ್ಲಾಸ್ಟಿಕ್ ಚೀಲ ಹಾಸಿದರು. ಏಕೆ?

ಉತ್ತರ: ಎಷ್ಟು ರಕ್ತ ಹೋಯಿತೆಂದು ಅಳೆಯಲು. ಬಟ್ಟೆಯಲ್ಲಿ ಇಂಗಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಹೊರಟರೆ ಅನುಭವಿ ನರ್ಸ್‌ಗಳೂ ಕಡಿಮೆಯೇ ಹೇಳುತ್ತಾರೆ. ಅಷ್ಟರಲ್ಲಿ ಬಾಣಂತಿಯ ಸ್ಥಿತಿ ಕೈಮೀರಬಹುದು. ಚೀಲದಲ್ಲಿ ರಕ್ತ 500 ಮಿ.ಲೀ. ಗೆರೆ ಮುಟ್ಟಿದರೆ ಕಾಯುವಂತೆಯೇ ಇಲ್ಲ: ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್ ಎಲ್ಲವೂ ಒಟ್ಟಿಗೇ ಶುರುವಾಗಬೇಕು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಹೀಗೆ ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವದ ಅನಾಹುತಗಳು ಶೇ. 60ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾಯಿತು. ಇಂಥ ಚೀಲವನ್ನು ಮೊದಮೊದಲು ಒರೆಗೆ ಹಚ್ಚಿದ್ದು ನಮ್ಮ ಬೆಳಗಾವಿಯಲ್ಲೇ ಎಂಬುದು ಹೆಮ್ಮೆಯ ಸಂಗತಿ. ನಿಮ್ಮ ಮನೆಯ ಗರ್ಭಿಣಿಯನ್ನು ಸೇರಿಸುವ ಆಸ್ಪತ್ರೆಯಲ್ಲಿ ಇದು ಇದೆಯೇ, ತುರ್ತಿಗೆ ರಕ್ತ ಸಿಗುತ್ತದೆಯೇ, ಎಂಟನೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ.