ಯಂತ್ರದ ಕಣ್ಣು ಯಾರನ್ನು ಎಣಿಸಬೇಕು?

ಬೆಂಗಳೂರಿನ ಬೀದಿಗಳಲ್ಲಿ ಹಾಡುಹಗಲೇ ನಡೆಯುತ್ತಿರುವ ಒಂದು ಸುಲಿಗೆಯ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಕಳ್ಳನು ಕದ್ದ ಹಣವನ್ನು ಮತ್ತೆ ದುಡಿಯಬಹುದು. ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ನಿಂತು ಕಳೆದುಹೋದ ಹೊತ್ತನ್ನು ಮರಳಿ ಕೊಡುವವರಾರು?

ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ಮೀರಿವೆ. ಅಷ್ಟಕ್ಕೂ ಸಾಲುವಂತೆ ರಸ್ತೆಗಳನ್ನು ಅಗಲಿಸುವುದು ಶಕ್ಯವಲ್ಲ. ಆದುದರಿಂದ ಅಧಿಕಾರಿಗಳು ನೂತನ ಯಂತ್ರಸಾಧನಗಳನ್ನು ಅವಲಂಬಿಸಿದ್ದಾರೆ. ಹಿಂದೆ ಸಂಕೇತದೀಪಗಳು ಗೊತ್ತುಮಾಡಿದ ಅವಧಿಗೊಮ್ಮೆ ಬದಲಾಗುತ್ತಿದ್ದುವು; ಬರಿದಾದ ದಾರಿಗೆ ಹಸುರು, ತುಂಬಿದ ದಾರಿಗೆ ಕೆಂಪು ಬೀಳುವುದೂ ಉಂಟಾಗಿತ್ತು. ಈಗ ಹಲವು ಕೂಡುರಸ್ತೆಗಳಲ್ಲಿ ಕ್ಯಾಮರಾಗಳು ಸಾಲುಗಟ್ಟಿದ ವಾಹನಗಳನ್ನು ಎಣಿಸುತ್ತವೆ. ಗಣಕಯಂತ್ರವು ಆ ಲೆಕ್ಕಕ್ಕೆ ತಕ್ಕಂತೆ ಹಸುರಿನ ಅವಧಿಯನ್ನು ಹೆಚ್ಚಿಸುತ್ತದೆ, ಇಲ್ಲವೆ ತಗ್ಗಿಸುತ್ತದೆ. ಈ ಉದ್ಯಮವು ಸ್ತುತ್ಯವೇ ಸರಿ.

ಆದರೆ ನಮ್ಮದೊಂದು ಪ್ರಶ್ನೆಯುಂಟು. ಎಣಿಸಬೇಕಾದುದು ವಾಹನಗಳನ್ನೋ, ಮನುಷ್ಯರನ್ನೋ? ಸಂಚಾರಶಾಸ್ತ್ರದ ರೂಢಿಯ ಗಣನೆಯಲ್ಲಿ ಒಂದು ಬಸ್ಸು ಸುಮಾರು ಮೂರು ಕಾರುಗಳಿಗೆ ಸಮಾನ. ಅದು ಆಕ್ರಮಿಸುವ ಸ್ಥಳದ ಲೆಕ್ಕ. ಅದರೊಳಗೆ ನಿಂತು, ಜೋತುಬಿದ್ದು ಪಯಣಿಸುವ ಅರುವತ್ತು ಮಂದಿಯ ಲೆಕ್ಕ ಅದರಲ್ಲಿಲ್ಲ. ಒಬ್ಬನೇ ಕುಳಿತ ಕಾರಿಗಾಗಿ ಅರುವತ್ತು ಜನ ಕಾಯಬೇಕಾದರೆ ಅದನ್ನು ನ್ಯಾಯವೆನ್ನಲಾಗದು.

ಹೊರದೇಶದವರು ಈ ನ್ಯಾಯವನ್ನು ಮೊದಲೇ ಅರಿತರು. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಟ್ರಾಮು ಸಮೀಪಿಸಿತೆಂದರೆ ದೀಪವು ಅದಕ್ಕೆ ದಾರಿಬಿಡುತ್ತದೆ. ಸಿಂಗಾಪುರದವರು 1975ರಲ್ಲಿಯೇ ನಗರಮಧ್ಯಕ್ಕೆ ಬರುವ ಕಾರುಗಳ ಮೇಲೆ ಶುಲ್ಕವನ್ನು ವಿಧಿಸಿದರು. ಆಗ ಕಾಗದದ ಪರವಾನಗಿಯಿಂದ ನಡೆಯುತ್ತಿದ್ದ ವಸೂಲಿಯನ್ನು 1998ರಲ್ಲಿ ವಿದ್ಯುನ್ಮಾನ ಯಂತ್ರಗಳಿಗೆ ಒಪ್ಪಿಸಿದರು. ಸ್ಟಾಕ್‌ಹೋಮಿನಲ್ಲಿ 2006ರಲ್ಲಿ ಇಂತಹದೇ ಶುಲ್ಕವನ್ನು ಏಳು ತಿಂಗಳ ಕಾಲ ಪರೀಕ್ಷಿಸಿದಾಗ ಸಂಚಾರವು ನೂರಕ್ಕೆ ಇಪ್ಪತ್ತರಷ್ಟು ಇಳಿಯಿತು. ಜನರ ಮತವನ್ನು ಕೇಳಿದ ಮೇಲೆ 2007ರಲ್ಲಿ ಅದನ್ನು ಸ್ಥಿರಪಡಿಸಿದರು. ಪರೀಕ್ಷೆಗೆ ಮುನ್ನವೇ ಬಸ್ಸುಗಳನ್ನು ಹೆಚ್ಚಿಸಿದ್ದರೆಂಬುದನ್ನು ನಮ್ಮವರು ಮರೆಯಬಾರದು.

ನಮ್ಮಲ್ಲಿ ಸಾಧನಗಳ ಕೊರತೆಯಿಲ್ಲ. 2011ರಿಂದ ಮೆಟ್ರೋ ಓಡುತ್ತಿದೆ. ನಗರಸಾರಿಗೆಯ ಬಸ್ಸು ಯಾವ ಬೀದಿಯಲ್ಲಿದೆಯೆಂಬುದನ್ನು ಪ್ರಯಾಣಿಕನು ಕೈಯಲ್ಲಿರುವ ಫೋನಿನಲ್ಲಿಯೇ ನೋಡಬಲ್ಲನು. ಪ್ರಯಾಣಿಕನಿಗೆ ತಿಳಿಯುವ ಈ ಸಂಗತಿಯನ್ನು ಸಂಕೇತದೀಪಕ್ಕೂ ತಿಳಿಸಿ, ಬರುವ ಬಸ್ಸಿಗೆ ಮೊದಲು ಹಸುರನ್ನು ಕೊಡಿಸುವುದಕ್ಕೆ ಅಡ್ಡಿಯೇನು? ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸುಗಳಿಗೆಂದೇ ಒಂದು ಪಥವನ್ನು ಬೇರ್ಪಡಿಸಿದ್ದರು, ಅದನ್ನು ಉಳಿಸಿಕೊಳ್ಳಲಿಲ್ಲ. ಅದಕ್ಕೆ ಯಂತ್ರವನ್ನು ದೂರಿ ಫಲವೇನು? ಕೊರತೆಯಾದುದು ಸಂಕಲ್ಪದಲ್ಲಿ.

ಯಂತ್ರಕ್ಕೆ ಪಕ್ಷಪಾತವಿಲ್ಲ, ಅದು ಹೇಳಿದುದನ್ನು ಎಣಿಸುತ್ತದೆ. ಏನನ್ನು ಎಣಿಸಬೇಕೆಂದು ಹೇಳುವವರು ಆಡಳಿತದವರು. ಆಡಳಿತದವರಿಗೆ ಹೇಳಬೇಕಾದವರು ನಾವು. ಬಸ್ಸಿನಲ್ಲಿ ನಿಂತವನನ್ನೂ, ರಸ್ತೆಯನ್ನು ದಾಟಲಾರದೆ ಅಂಚಿನಲ್ಲಿ ಕಾದಿರುವ ಮುದುಕಿಯನ್ನೂ ಆ ಯಂತ್ರದ ಕಣ್ಣು ಮೊದಲು ಕಾಣಲಿ.