ಜಾಹೀರಾತು ನಿಯಮದಡಿ ಆ್ಯಪ್ ತಿರಸ್ಕೃತವಾದಲ್ಲಿ ಪಂಚಾಯಿತಿಯು ಕೈಗೊಳ್ಳಬೇಕಾದ ಕ್ರಮ

ಕಾಡುಗೋಡಿ ಆಸುಪಾಸಿನ ಐಟಿ ಸಂಸ್ಥೆಗಳ ಮೂಲಕ ನೀರಿನ ಕರ ಪಾವತಿ ಅಥವಾ ಕುಂದುಕೊರತೆಗಳ ಮೊಬೈಲ್ ಆ್ಯಪ್ ಸಿದ್ಧಪಡಿಸಿಕೊಳ್ಳುವ ಗ್ರಾಮ ಪಂಚಾಯಿತಿಗಳ ಸದಸ್ಯರು ಒಂದು ನಿಯಮವನ್ನು ಅರಿತಿರುವುದು ಅವಶ್ಯ. ಜಾಹೀರಾತಿಗಾಗಿ ಬಳಕೆದಾರರ ಚಟುವಟಿಕೆಯನ್ನು ಇತರ ಸಂಸ್ಥೆಗಳ ಆ್ಯಪ್ ಹಾಗೂ ಜಾಲತಾಣಗಳಲ್ಲಿಯೂ ಜಾಡು ಹಿಡಿಯುವ ಆ್ಯಪ್, ಮೊದಲು ಅವರ ಅನುಮತಿ ಕೇಳಬೇಕೆಂದು ಆಪಲ್ ಸಂಸ್ಥೆಯು 2021ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದೆ. ಜಾಡು ಹಿಡಿಯಲಾಗುವುದೆಂದು ಘೋಷಿಸಿ, ಅನುಮತಿ ಕೇಳದಿದ್ದಲ್ಲಿ ಆ್ಯಪ್ ತಿರಸ್ಕೃತವಾಗಬಹುದು.

ಆ್ಯಪ್‌ನಲ್ಲಿ ಬಳಸಿದ ಸಿದ್ಧ ತಂತ್ರಾಂಶದೊಡನೆ ಜಾಹೀರಾತು ಘಟಕವೂ ಸೇರಿಕೊಂಡಿರುವ ಸಾಧ್ಯತೆಯುಂಟು. ಕರ ಕಟ್ಟುವ ಗ್ರಾಮಸ್ಥರ ಮಾಹಿತಿಯು ಜಾಹೀರಾತುದಾರರಿಗೆ ತಲುಪಬೇಕಾದ ಅಗತ್ಯವಿಲ್ಲ. ಆದಕಾರಣ ಅನುಮತಿ ಕೇಳುವ ಪರದೆಯನ್ನು ಸೇರಿಸುವುದಕ್ಕಿಂತ ಆ ಘಟಕವನ್ನೇ ತೆಗೆಸುವುದು ಸೂಕ್ತ. ತರುವಾಯ ಗೌಪ್ಯತಾ ಘೋಷಣೆಯನ್ನು ತಿದ್ದಿ, ಮಾಡಿದ ಬದಲಾವಣೆಯನ್ನು ಪರಿಶೀಲಕರಿಗೆ ಲಿಖಿತವಾಗಿ ತಿಳಿಸಿ, ಆ್ಯಪ್ ಅನ್ನು ಮರುಸಲ್ಲಿಸಬೇಕು. ಗೂಗಲ್ ಪ್ಲೇಯಲ್ಲಿಯೂ ಮಾಹಿತಿ ಸಂಗ್ರಹದ ಘೋಷಣೆಯು ವಾಸ್ತವಕ್ಕೆ ಅನುಗುಣವಾಗಿರಬೇಕು.

ಜಾಹೀರಾತು ಘಟಕ ಇರಕೂಡದು ಹಾಗೂ ಆ್ಯಪ್ ಖಾತೆಯು ಪಂಚಾಯಿತಿಯ ಹೆಸರಿನಲ್ಲಿಯೇ ಇರಬೇಕು ಎಂಬ ಷರತ್ತುಗಳನ್ನು ಕರಾರಿನಲ್ಲಿ ಸೇರಿಸುವುದು ಒಳಿತು. ಒಪ್ಪಿಗೆಯ ಮೇರೆಗೆ ಪಡೆಯುವ ಮಾಹಿತಿಯು ನಿಗದಿತ ಉದ್ದೇಶಕ್ಕೆ ಅವಶ್ಯವಿರುವಷ್ಟೇ ಇರಬೇಕೆಂಬುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ತತ್ತ್ವವೂ ಆಗಿದೆ.