ಲೆಗ್ ಗಾರ್ಡ್ ಕಾಯುವುದು ಕಾಲನ್ನಲ್ಲ

ಹಿಂಗಾರಿ ಜೋಳ ಬಿತ್ತುವ ದಿನಗಳು. ಹಿರೇಹಡಗಲಿಯ ಕಲ್ಲೇಶ್ವರ ಗುಡಿ ನೋಡಿಕೊಂಡು ಬಂದವನು ಎರೆ ಹೊಲವೊಂದರ ಬದುವಿನ ಪಕ್ಕ ಹಿಮಾಲಯನ್ ಬೈಕು ನಿಲ್ಲಿಸಿದೆ. ರಾತ್ರಿ ಮಳೆಯಾಗಿತ್ತು. ಮೇಲ್ಮಣ್ಣು ಒಣಗಿದಂತೆ ಕಂಡರೂ ಒಳಗೆಲ್ಲ ಹಸಿ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೈಡ್ ಸ್ಟ್ಯಾಂಡ್ ಮೆಲ್ಲಗೆ ಮಣ್ಣಿಗಿಳಿದು ಗಾಡಿ ಎಡಕ್ಕೆ ಉರುಳಿತು. ಓಡಿ ಬಂದು ಬಗ್ಗಿ ನೋಡಿದೆ. ಎಂಜಿನ್ನಿನ ಅಲ್ಯೂಮಿನಿಯಂ ಮುಚ್ಚಳಕ್ಕೂ ಬದುವಿನ ಕಲ್ಲಿಗೂ ನಡುವೆ ಎರಡು ಬೆರಳಿನ ಸಂದು ಉಳಿದಿತ್ತು. ಅಷ್ಟನ್ನು ಉಳಿಸಿಕೊಟ್ಟದ್ದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಾಕಿಸಿದ್ದ ಕಬ್ಬಿಣದ ಗಾರ್ಡ್.

ಕೂರಿಗೆ ನಿಲ್ಲಿಸಿ ಬಂದ ಹೊಲದ ಯಜಮಾನರು ಕೈಹಚ್ಚಿದರು. “ಸ್ಟ್ಯಾಂಡಿನ ಕೆಳಗ ಒಂದು ಚಪ್ಪಟಿ ಕಲ್ಲರ ಇಡಬೇಕಿತ್ತು ತಮ್ಮಾ” ಎಂದರು. ಹೆಚ್ಚುಕಡಿಮೆ ಎರಡು ಕ್ವಿಂಟಲ್ ತೂಕ. ಎತ್ತಿ ನಿಲ್ಲಿಸುವಷ್ಟರಲ್ಲಿ ಇಬ್ಬರಿಗೂ ಏದುಸಿರು ಬಂತು.

ನಮ್ಮ ಕಡೆ ಈ ಕಬ್ಬಿಣಕ್ಕೆ ಅಪ್ಪನ ಯೆಜ್ಡಿ ಬೈಕಿನ ಕಾಲದಿಂದ ಇಂದಿಗೂ ಲೆಗ್ ಗಾರ್ಡ್ ಎಂದೇ ಹೆಸರು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. 1973ರಿಂದ ಅಲ್ಲಿನ ಗಾಡಿಗಳು ಯೆಜ್ಡಿ ಎಂಬ ಹೆಸರಲ್ಲಿ ಹೊರಬಂದವು. 250 ಸಿಸಿಯ ಒಂದೇ ಸಿಲಿಂಡರ್, ಆದರೆ ಎರಡೂ ಬದಿಗೆ ಒಂದೊಂದು ಸೈಲೆನ್ಸರ್. ಯಾವ ಕಡೆ ಬಿದ್ದರೂ ಒಂದಕ್ಕೆ ಪೆಟ್ಟು ಖಚಿತ. ಅಪ್ಪನ ಯೆಜ್ಡಿಯ ಮುಂದೆಯೂ ಕ್ಲಾಂಪ್ ಹಾಕಿ ಬಿಗಿದ ಬಾಗಿದ ಪೈಪೊಂದಿತ್ತು. ಕಾಲಿಗೆ ಆಸರೆಯೆಂದು ಹಾಕಿಸಿದ್ದು ದಿನಗಳೆದಂತೆ ಹಾಲಿನ ಕ್ಯಾನಿಗೆ, ಹಡಗಲಿಗೆ ಹೊರಟ ಮಲ್ಲಿಗೆ ಮೊಗ್ಗಿನ ಚೀಲಕ್ಕೆ ಗೂಟವಾಯಿತು.

ಕಾಲನ್ನು ಅದು ನಿಜಕ್ಕೂ ಕಾಯುತ್ತದೆಯೇ? ಅಮೆರಿಕದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಿನ 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಗಾರ್ಡ್ ಇದ್ದಲ್ಲಿ ಪಾದ ಮತ್ತು ಹಿಮ್ಮಡಿಯ ಕೀಲಿಗೆ ಆಗುವ ಗಾಯ ತಗ್ಗಿತ್ತು. ಆದರೆ ಮೊಣಕಾಲು, ತೊಡೆಗಳ ಗಾಯ ಅಷ್ಟೇ ಹೆಚ್ಚಿತ್ತು. ಒಂದು ಕಡೆ ಉಳಿಸಿದ್ದನ್ನು ಇನ್ನೊಂದು ಕಡೆ ಕಸಿದುಕೊಂಡಂತೆ. ಹೆದ್ದಾರಿಯಲ್ಲಿ ಗಾರ್ಡಿನ ಮೇಲೆ ಕಾಲು ಚಾಚಿ ಹೋಗುವ ಹುಡುಗರನ್ನು ಕಂಡಾಗಲೆಲ್ಲ ನನಗೆ ಈ ವರದಿ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಕಾಲಿಗೆ ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ.

ಅದು ಕಾಯುವುದು ಎಂಜಿನ್ನನ್ನು. ದೂರ ಹೋಗುವ ಗಾಡಿಗಳು ಬಂದ ಮೇಲೆ ಈ ಮಾತು ಸ್ಪಷ್ಟವಾಯಿತು. ಬಿಎಂಡಬ್ಲ್ಯು 1980ರಲ್ಲಿ ಹೊರತಂದ ಆರ್80 ಜಿ/ಎಸ್ ಬೈಕಿನ ಎರಡು ಸಿಲಿಂಡರ್‌ಗಳು ಬಿಚ್ಚಿದ ತೋಳಿನಂತೆ ಎಡಕ್ಕೂ ಬಲಕ್ಕೂ ಚಾಚಿದ್ದವು. ಮರುವರ್ಷವೇ ಹ್ಯೂಬರ್ಟ್ ಓರಿಯೋಲ್ ಅದೇ ಮಾದರಿಯ ಗಾಡಿಯಲ್ಲಿ ಪ್ಯಾರಿಸ್–ಡಾಕರ್ ರ‍್ಯಾಲಿ ಗೆದ್ದರು. ಮರುಭೂಮಿಯ ನಡುವೆ ಸಿಲಿಂಡರಿನ ಮುಚ್ಚಳ ಒಡೆದು ಆಯಿಲ್ ಸೋರಿದರೆ ಪ್ರಯಾಣ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ 411 ಸಿಸಿ ಹಿಮಾಲಯನ್ ಆ ಬಗೆಯ ಓಡಾಟವನ್ನು ಮಧ್ಯಮ ವರ್ಗದ ಕೈಗೆಟುಕಿಸಿತು. ಲಡಾಖಿಗೆ ಹೋಗುವವರಿಗೂ ಹಂಪಿಗೆ ಬರುವವರಿಗೂ ಗಾರ್ಡ್ ಸಾಮಾನು ಪಟ್ಟಿಯ ಮೊದಲ ಸಾಲಾಯಿತು.

ಇಂಥ ಗಾಡಿಗಳು ಓಟದಲ್ಲಿ ಬೀಳುವುದಕ್ಕಿಂತ ನಿಂತಲ್ಲೇ ಉರುಳುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಇಳಿಜಾರಿನಲ್ಲಿ ತಿರುಗಿಸುವಾಗ, ಮೈಲಾರ ಜಾತ್ರೆಯ ದಟ್ಟಣೆಯಲ್ಲಿ ಕಾಲೂರಲು ನೆಲ ಸಿಗದಾಗ, ಹಸಿ ಎರೆಮಣ್ಣಿನಲ್ಲಿ.

ನನ್ನ ಗಾರ್ಡ್ ಮಾಡುವ ದಿನ ಅಂಗಡಿಯಲ್ಲೇ ಕೂತಿದ್ದೆ. ವೆಲ್ಡರ್ ಅಣ್ಣ ಎಂಎಸ್ (ಮೈಲ್ಡ್ ಸ್ಟೀಲ್) ಪೈಪಿನ ಒಂದು ಬಾಯಿ ಮುಚ್ಚಿ ಒಳಗೆ ಒಣ ಮರಳು ತುಂಬಿ, ಕುಟ್ಟಿ ಕುಟ್ಟಿ ಗಟ್ಟಿ ಮಾಡಿ, ಇನ್ನೊಂದು ಬಾಯಿಯನ್ನೂ ಬಿಗಿದ. ಮರಳಿಲ್ಲದೆ ಬಗ್ಗಿಸಿದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುತ್ತದೆ, ಮೊದಲ ಪೆಟ್ಟಿಗೆ ಮಡಚುವುದು ಅಲ್ಲಿಯೇ. ಕಾಸಿ ಬಗ್ಗಿಸಿ, ಗಾಡಿಗೆ ಹಿಡಿದು ನೋಡಿ, ಮತ್ತೆ ಬಗ್ಗಿಸಿ, ಕೊನೆಗೆ ಮರಳು ಸುರಿದ.

“ಒಂದು ಕ್ಲಾಂಪ್ ಸಾಕಲ್ಲ ಅಣ್ಣ?” ಎಂದೆ.

“ಒಂದ ಕಡೆ ಹಿಡಿದ್ರ ಅದು ಹಾರಿ ಆಗ್ತೈತ್ರಿ. ಬಿದ್ದಾಗ ಫ್ರೇಮನ್ನ ಮೀಟಿ ಬಿಡ್ತೈತಿ.”

ಗಾರ್ಡ್ ಹಾಕುವ ವಿದ್ಯೆಯೆಲ್ಲ ಆ ಮಾತಿನಲ್ಲಿದೆ. ಉದ್ದನೆಯ ಪೈಪು ಒಂದೇ ಬಿಂದುವಿಗೆ ಜೋತುಬಿದ್ದರೆ ಬಿದ್ದ ಪೆಟ್ಟು ಹಲವು ಪಟ್ಟಾಗಿ ಫ್ರೇಮಿನ ಕೊಳವೆಯನ್ನು ತಿರುಚುತ್ತದೆ. ಮೇಲೊಂದು, ಕೆಳಗೊಂದು, ಸಾಧ್ಯವಾದರೆ ಎಂಜಿನ್ ಕೂರಿಸುವ ಬೋಲ್ಟಿನಲ್ಲಿ ಇನ್ನೊಂದು ಹಿಡಿತ ಕೊಟ್ಟರೆ ಪೆಟ್ಟು ಹಂಚಿಹೋಗುತ್ತದೆ. ಪೈಪು ಅತಿ ದಪ್ಪವೂ ಇರಬಾರದು. ಬಗ್ಗಬೇಕಾದ್ದು ಗಾರ್ಡ್, ಫ್ರೇಮ್ ಬಗ್ಗಿದರೆ ಗಾಡಿಯೇ ಹೋಯಿತು. ಜೋಡಿಸುವಾಗ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಸಡಿಲವಾಗಿ ಕೂರಿಸಿ ಕೊನೆಗೆ ಬಿಗಿಯಬೇಕು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಬೇಕು, ಮುಂದಿನ ಫೋರ್ಕ್ ಕುಗ್ಗಿದಾಗ ಮಡ್‌ಗಾರ್ಡ್ ತಾಗಬಾರದು, ಆಯಿಲ್ ಬಿಡುವ ಬೋಲ್ಟಿಗೆ ಸ್ಪ್ಯಾನರ್ ಹೋಗಬೇಕು.

ಕಾನೂನಿನ ಮಾತು ಚಿಕ್ಕದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂಬದಿ ಸವಾರರ ಬಟ್ಟೆ ಚಕ್ರಕ್ಕೆ ಸಿಗದಂತೆ ಸೀರೆ ಗಾರ್ಡನ್ನು ಕಡ್ಡಾಯ ಮಾಡಿವೆ, ಲೆಗ್ ಗಾರ್ಡನ್ನಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರ ಬುಲ್ ಬಾರ್ ಹಾಕಿಸುವುದರ ವಿರುದ್ಧದ್ದು. ಕಾರು, ಜೀಪುಗಳ ಮೂತಿಗೆ ಕಟ್ಟುವ ಆ ಕಂಬಿಗಳು ಪಾದಚಾರಿಯ ಜೀವಕ್ಕೇ ಕುತ್ತು.

ಹೊಲದಿಂದ ನೇರ ಅಂಗಡಿಗೇ ಹೋದೆ. ಗಾರ್ಡಿನ ಬಣ್ಣ ಸ್ವಲ್ಪ ಕಿತ್ತುಹೋಗಿತ್ತು, ಬೇರೇನೂ ಕಾಣಲಿಲ್ಲ. ವೆಲ್ಡರ್ ಅಣ್ಣ ಒಪ್ಪಲಿಲ್ಲ. ಕೆಳಗಿನ ಕ್ಲಾಂಪಿನ ಬೆಸುಗೆಯ ಬಣ್ಣ ಕೆರೆದು ಸೀಮೆಎಣ್ಣೆ ಸವರಿದ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿ ಕಾದ. ಬಿಳಿಯ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡಿತು. “ಬಿರುಕು” ಎಂದವನು ಗಾರ್ಡ್ ಬಿಚ್ಚಲು ಸ್ಪ್ಯಾನರ್ ತಗೊಂಡ.